ಮೀಸೆಯ ಮೇಲೆ ಕುಂತ ಬಟನ್

ಪ್ರಭು: ಒಂದಂದ್ರ ಒಂದು ಫೋನ್ ಬಂದಿಲ್ಲ. ನಿನ್ನ ರೊಟ್ಟಿ ಧಂಧೆ ಮುಗೀತು, ತಿಳಕೋ.

ಮಹಾನಂದಾ: ಕಾಲು ತಗೀರಿ. ಡಬ್ಬಿ ಮ್ಯಾಲೆ ಇಟ್ಟೀರಿ.

ಪ್ರಭು ಕಾಲು ತೆಗೆದ. ಅದು ಅಂದೇ ಹೋಗಬೇಕಾದ ಸಜ್ಜೆ ರೊಟ್ಟಿಯ ಡಬ್ಬಿ. ಅದರ ಪಕ್ಕ ಇನ್ನೊಂದು, ಮೇಲೆ ಮತ್ತೊಂದು. ಗೋಡೆಯುದ್ದಕ್ಕೂ ಪೇರಿಸಿಟ್ಟ ಡಬ್ಬಿಗಳ ನಡುವೆ ನಿಂತು ಅವನು ಧಂಧೆ ಸತ್ತಿತೆಂದು ಸಾರುತ್ತಿದ್ದ.

ಗುಡಗೇರಿಯ ಆ ಮನೆಯ ಪಡಸಾಲೆಯಲ್ಲಿ ಮುಂಜಾನೆಯಿಂದ ಮೂರು ಒಲೆ ಉರಿಯುತ್ತಿದ್ದವು. ಒಂದರ ಮುಂದೆ ಪ್ರಭುವಿನ ಹೆಂಡತಿ ಮಹಾನಂದಾ, ಉಳಿದೆರಡರ ಮುಂದೆ ಜೊತೆಯಲ್ಲಿ ದುಡಿಯುವ ಮುಮತಾಜ್ ಮತ್ತು ಮೈಲಾರವ್ವ. ಅತ್ತೆ ಗುರವ್ವ ಹೊಸ್ತಿಲ ಬಳಿ ಕೂತು ಎಳ್ಳು ಹಸನು ಮಾಡುತ್ತಿದ್ದಳು. ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ಊರು ಬಿಟ್ಟು ಹೋದವರಿಗೆಲ್ಲ ಸಜ್ಜೆ ರೊಟ್ಟಿ ನೆನಪಾಗುತ್ತದೆ. ನೆನಪಾದವರು ಮಹಾನಂದಾಳ ವೆಬ್‌ಸೈಟ್ ತೆರೆದು ಬಟನ್ ಒತ್ತುತ್ತಾರೆ. ಒತ್ತಿದವರಿಗೆ ಬೆರಳು ನೋಯುವುದಿಲ್ಲ. ನೋಯುವುದು ಇಲ್ಲಿ ಮೂವರ ರಟ್ಟೆ.

ಪ್ರಭು: ಅದಕ್ಕ ಒಂದು ನಿರ್ಧಾರ ಮಾಡೇನಿ. ಈ ಪಡಸಾಲಿ ನಮ್ಮ ದೋಸ್ತ ಪುಂಡಲೀಕಗ ಕೊಡ್ತೀನಿ. ಬ್ಯಾನರ್ ಅಂಗಡಿ ಹಾಕ್ತಾನ. ಜಾಗಾ ಅಳಿಯಾಕ ಈಗ ಬರಾಕತ್ಯಾನ.

ಅಷ್ಟು ಹೊತ್ತಿನಲ್ಲಿ ಮಹಾನಂದಾಳ ಕೈ ನಿಂತದ್ದು ಅದೇ ಮೊದಲು.

ಮಹಾನಂದಾ: ನಾವು ಎಲ್ಲಿ ರೊಟ್ಟಿ ಬಡೀಬೇಕು?

ಪ್ರಭು: ಆರ್ಡರ ಇಲ್ಲಂದ ಮ್ಯಾಲೆ ಬಡಿಯೂದ್ಯಾಕ?

ಮಹಾನಂದಾ: ಮತ್ತ ಇಷ್ಟು ಡಬ್ಬಿ ಯಾಕ ತುಂಬೀವಿ ಅಂತ ತಿಳದೀರಿ?

ಪ್ರಭು: ಹೆಂಗಸರು ಕೂಡಿದ್ರ ಏನರ ಒಂದು ಮಾಡಕೋಂತ ಇರ್ತೀರಿ. ನಾ ಎಲ್ಲಾ ಕೇಳಕೋಂತ ಕುಂದ್ರಾಕ ಆಕ್ಕೈತೇನು?

ಮೈಲಾರವ್ವ ಹಂಚಿನ ಮೇಲಿನ ರೊಟ್ಟಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಮಗುಚಿದಳು. ತಾನು ಹೊಸ ವೆಬ್‌ಸೈಟ್ ಮಾಡಿ ಎಷ್ಟೋ ದಿನವಾಯಿತು, ಅದರಲ್ಲಿ ತನ್ನ ಫೋನ್ ನಂಬರನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ, ಆದರೂ ಒಬ್ಬನೂ ಕೇಳಿಲ್ಲವೆಂದರೆ ಲೋಕಕ್ಕೆ ರೊಟ್ಟಿ ಬೇಡವಾಗಿದೆ ಎಂದೇ ಅರ್ಥ ಎಂದು ಪ್ರಭು ವಿವರಿಸಿದ. ಮಹಾನಂದಾ ಇನ್ನೊಂದು ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು. ಈ ಮಾತಿಗೆ ಅವಳ ಬಳಿ ಉತ್ತರವಿತ್ತು. ಅದನ್ನು ಇಷ್ಟು ದಿನ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಳು.

ವಿಷಯ ಇಷ್ಟೇ. ಹಳೆಯ ವೆಬ್‌ಸೈಟಿನಲ್ಲಿ ಅಕ್ಷರ ಸಣ್ಣವು, ಯಾವ ದಿನಕ್ಕೆ ರೊಟ್ಟಿ ಬೇಕೆಂದು ತಿಳಿಸಲು ಜಾಗವೇ ಇಲ್ಲ. ಅದನ್ನು ಸುಧಾರಿಸಬೇಕೆಂದು ಹೊರಟಾಗ, ಹುಬ್ಬಳ್ಳಿಯಲ್ಲಿ ಅವಳಿಗೆ ಕಂಪ್ಯೂಟರ್ ಕಲಿಸಿದ ನಾಜಮೀನ್ ಒಂದೇ ಮಾತು ಹೇಳಿದ್ದಳು: ನಡೆಯುತ್ತಿರುವ ಅಂಗಡಿಗೆ ಕೈ ಹಚ್ಚಬೇಡಿ. ಅದರಂತೆಯೇ ಇರುವ ನಕಲೊಂದನ್ನು ಬದಿಗೆ ಮಾಡಿಕೊಳ್ಳಿ, ಹೊರಗಿನವರಿಗೆ ಕಾಣದಂತೆ ಬೀಗ ಹಾಕಿ, ಒಡೆಯುವುದು ಕಟ್ಟುವುದು ಎಲ್ಲ ಅದರಲ್ಲೇ ಆಗಲಿ. ಸರಿಯಾಯಿತೆಂದು ಪರೀಕ್ಷಿಸಿದ ಮೇಲೆ, ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಹೊಸದನ್ನು ಅಸಲಿನ ಜಾಗಕ್ಕೆ ತನ್ನಿ. ಹಳೆಯದನ್ನು ಮಾತ್ರ ಕಳೆಯಬೇಡಿ.

ಮಹಾನಂದಾಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಹಿಂದಿನ ವರ್ಷ ಗ್ರಾನೈಟ್ ಹಾಕಿಸುತ್ತೇನೆಂದು ಪ್ರಭು ಪಂಚಮಿಯ ಹಿಂದಿನ ದಿನ ಅಡುಗೆಮನೆಯ ಕಟ್ಟೆ ಒಡೆಸಿದ್ದ. ಗ್ರಾನೈಟ್ ಬಂದದ್ದು ದೀಪಾವಳಿ ಮುಗಿದ ಮೇಲೆ. ಅಲ್ಲಿಯವರೆಗೆ ಅವಳು ದನದ ಕೊಟ್ಟಿಗೆಯಲ್ಲಿ ಅಡುಗೆ ಮಾಡಿದಳು, ಮನೆಯವರಿಗೂ, ಗ್ರಾನೈಟ್ ಬಂತೇನು ಎಂದು ಕೇಳಲು ಬಂದವರಿಗೂ.

ಹಾಗಾಗಿ ನಕಲಿನಲ್ಲೇ ಎಲ್ಲ ತಿದ್ದಿದಳು. ಒಂದು ಮಂಗಳವಾರ ಮಧ್ಯಾಹ್ನ ಊರು ಉಂಡು ಮಲಗಿದ್ದಾಗ ಹೊಸದು ಅಸಲಿನ ಜಾಗಕ್ಕೆ ಬಂತು, ಒಂದು ಆರ್ಡರೂ ತಪ್ಪಲಿಲ್ಲ. ಸುದ್ದಿ ತಿಳಿದ ಪ್ರಭು ತಾನೂ ವೆಬ್‌ಸೈಟ್ ಮಾಡಬೇಕೆಂದು ಹಟ ಹಿಡಿದ. ಕೆಲಸ ಮುಗಿದು ಖಾಲಿ ಬಿದ್ದಿದ್ದ ನಕಲಿನ ಪಾಸ್‌ವರ್ಡನ್ನು ಅವಳು ಅವನ ಕೈಗೆ ಕೊಟ್ಟಳು. ಅದು ನಕಲು ಎಂದು ಹೇಳುವುದು ಮಾತ್ರ ರೊಟ್ಟಿಯ ಗಡಿಬಿಡಿಯಲ್ಲಿ ಉಳಿದುಹೋಯಿತು.

ಪ್ರಭು: ಯವ್ವಾ, ನೀನ ನೋಡಿ ಹೇಳು. ಇದರಾಗ ಏನು ಕಮ್ಮಿ ಐತಿ?

ಗುರವ್ವ ಮಗನ ಫೋನನ್ನು ದೂರ ಹಿಡಿದು ನೋಡಿದಳು. ಪರದೆಯ ತುಂಬ ಮಗನೇ. ಹೆಗಲ ಮೇಲೆ ಶಾಲು, ಮುಗಿದ ಕೈ, ಮೇಲಿನಿಂದ ಒಂದೇ ಸಮ ಉದುರುವ ಹೂವು. ಮುದುಕಿಯ ಕಣ್ಣು ತುಂಬಿ ಬಂತು.

ಗುರವ್ವ: ನನ್ನ ಮಗ ಎದುರಿಗೆ ನಿಂತಾನ. ಯಾವ ಕೆಟ್ಟ ಬಾಯಿಯಾಂವ ಇದನ್ನ ಹಾಕಿದ?

ಪ್ರಭು: ನಾನ ಹಾಕೇನಿ.

ಗುರವ್ವ: ತೀರಿಕೊಂಡಾವರದು ಹಿಂಗ ಹಾಕ್ತಾರಲ್ಲೋ. ಹೂ ಬ್ಯಾರೆ ಬೀಳಾಕತ್ತಾವು.

ಪ್ರಭು: ಅದು ಡಿಸೈನ್ ಯವ್ವಾ.

ಮಹಾನಂದಾ: ಅತ್ತಿ, ಅದರಾಗ ರೊಟ್ಟಿ ತರಸೂದು ಹೆಂಗ ಅಂತ ಹುಡಕ್ರಿ ನೋಡೂಣು.

ಗುರವ್ವ ಹುಡುಕಿದಳು. ಶಾಲಿನ ಅಂಚಿನಲ್ಲಿ, ಬಸ್ ಪಾಸಿನ ಅಳತೆಯಲ್ಲಿ, ಸೊಸೆಯ ಮುಖ ಸಿಕ್ಕಿತು. ಕೆಳಗೆ ಬರೆದಿತ್ತು: ಸಹಕಾರ, ಮಹಾನಂದಾ ಮತ್ತು ಮಹಿಳಾ ಸಿಬ್ಬಂದಿ.

ಗುರವ್ವ: ರೊಟ್ಟಿ ಎಲ್ಲೈತೋ?

ಪ್ರಭು: ಕೆಳಗ ಹೋಗಬೇಕು. ಇನ್ನೂ ಕೆಳಗ. ನಾ ಎತ್ತು ಹಿಡಕೊಂಡು ನಿಂತ ಫೋಟೋ ದಾಟಿ.

ಮಹಾನಂದಾ: ಆರ್ಡರ್ ಹಾಕೂ ಬಟನ್?

ಪ್ರಭು: ಅದು ಬರೋಬ್ಬರಿ ನನ್ನ ಮೀಸಿ ಮ್ಯಾಲೆ ಕುಂತಿತ್ತು. ತಗದು ಒಗದೆ.

ಮುಮತಾಜ್ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹೊಗೆ ಬಹಳವಾಯಿತೆಂಬಂತೆ ಕೆಮ್ಮಿದಳು.

ಮಹಾನಂದಾ: ಹಂಗಾದ್ರ ಜನ ರೊಟ್ಟಿ ಹೆಂಗ ತರಸಬೇಕ್ರಿ?

ಪ್ರಭು: ಮೊದಲ ನಾ ಯಾರಂತ ಗೊತ್ತಾಗಲಿ. ಆಮ್ಯಾಲೆ ರೊಟ್ಟಿ.

ಅಷ್ಟರಲ್ಲಿ ಬ್ಯಾನರಿನ ಪುಂಡಲೀಕ ಅಳತೆಯ ಟೇಪು ಹಿಡಿದು ಬಂದ. ಆ ಕೈಮುಗಿದ ಫೋಟೋ ತೆಗೆದವನೂ ಅವನೇ. ಮಹಾನಂದಾ ಅವನಿಗೆ ನೀರು ಕೊಟ್ಟು, ಅಳೆಯುವ ಮೊದಲು ತಮ್ಮ ವೆಬ್‌ಸೈಟನ್ನು ಅವನ ಫೋನಿನಲ್ಲೊಮ್ಮೆ ತೆರೆಯಲು ಹೇಳಿದಳು. ಪ್ರಭುವೂ ಹುರುಪಿನಿಂದ ಬಗ್ಗಿ ನೋಡಿದ.

ಪುಂಡಲೀಕ: ಲೇ ಪ್ರಭು, ಇದರಾಗ ನೀ ಇಲ್ಲಲ್ಲೋ. ಬರೇ ರೊಟ್ಟಿ ಅದಾವು.

ಪ್ರಭು: ನಿನ್ನ ಫೋನ್ ಹಳೇದು.

ಪುಂಡಲೀಕ: ಹೋದ ತಿಂಗಳ ತಗೊಂಡೇನಿ.

ಪ್ರಭು: ಹಂಗಾದ್ರ ನೆಟ್‌ವರ್ಕ್ ಕಮ್ಮಿ ಐತಿ. ನನ್ನ ಫೋಟೋ ದೊಡ್ಡದು, ಬರಾಕ ಹೊತ್ತು ಹಿಡೀತೈತಿ.

ಅವರು ಕಾದರು. ಫೋಟೋ ಬರಲಿಲ್ಲ. ಬಂದದ್ದು ಗುರೆಳ್ಳು ಚಟ್ನಿ.

ಪ್ರಭು: ಮಹಾನಂದಾ, ನನ್ನ ಅಳಿಸಿಬಿಟ್ಟಿ?

ಮಹಾನಂದಾ: ಅಳಿಸಿಲ್ಲ. ನಿಮ್ಮ ಫೋನಿನ್ಯಾಗ ಇರೂದು ನಕಲು. ಇವರದ್ರಾಗ ಕಾಣೂದು ಅಸಲು. ನಕಲು ನಿಮಗಷ್ಟ ಕಾಣ್ತೈತಿ.

ಪ್ರಭು: ಕಟಗೊಂಡ ಗಂಡಗ ನಕಲು ಕೊಟ್ಟಿ?

ಮಹಾನಂದಾ: ರೊಟ್ಟಿ ಇರೂ ಪುಟಾನ ಅಳಿಸಿದ್ರಿ. ಒಮ್ಮೆ ಇಡೀ ಅಂಗಡಿ ಅಳಿಸಿ, ಮುಂಜಾನಿ ನೋಡೂಣು ಅಂತ ಮಲಕೊಂಡ್ರಿ. ಯಾರಿಗರ ತ್ರಾಸ ಆತೇನು? ಅದಕ್ಕಂತನ ಇರೂದು ಅದು. ಅಡಗಿಮನಿಗೂ ಹಿಂಗ ಒಂದು ನಕಲು ಇದ್ದಿದ್ರ, ನಾ ಎಮ್ಮಿ ಬಾಜೂ ಕುಂತು ರೊಟ್ಟಿ ಬಡೀತಿದ್ದಿಲ್ಲ.

ಪುಂಡಲೀಕ ಅಸಲನ್ನು ಕೆಳಕ್ಕೆ ಸರಿಸುತ್ತ ಹೋದವನು ತಟ್ಟನೆ ಏನೋ ನೆನಪಾಗಿ ನಿಂತ. ಅವನ ಹೆಂಡತಿ ಮುಂಜಾನೆ ಇಲ್ಲಿಂದ ಒಂದು ಡಬ್ಬಿ ತರಲು ಹೇಳಿದ್ದಳಂತೆ. ಮಹಾನಂದಾ ಡಬ್ಬಿ ತೋರಿಸಿದಳು. ಅದರ ಮೇಲೆ ಪ್ರಭುವಿನ ಹೆಜ್ಜೆ ಅಚ್ಚಾಗಿತ್ತು. ಪುಂಡಲೀಕ ಡಬ್ಬಿಯನ್ನು ನೋಡಿದ, ಮೂರು ಒಲೆ ನೋಡಿದ, ಟೇಪನ್ನು ಸುತ್ತಿ ಕಿಸೆಗೆ ಹಾಕಿಕೊಂಡ.

ಪುಂಡಲೀಕ: ನಾ ಸ್ಟೇಶನ್ ರೋಡಿನ್ಯಾಗ ಜಾಗಾ ನೋಡ್ತೀನಿ ಬಿಡೋ. ಈ ಒಲಿ ಕಿತ್ತಿದ್ದು ನಾನು ಅಂತ ಗೊತ್ತಾದ್ರ ನಮ್ಮ ಮನಿಯಾಕಿ ನನಗ ಒಲಿ ಹಚ್ಚಂಗಿಲ್ಲ. ಬರ್ತೀನ್ರಿ ಅಕ್ಕಾರ.

ಅವನು ಡಬ್ಬಿಯ ಧೂಳು ಕೊಡವಿ, ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ. ಪ್ರಭುವಿಗೆ ಉಳಿದದ್ದು ಮಾನದ ಪ್ರಶ್ನೆ.

ಪ್ರಭು: ನನಗ ಅಸಲಿನ ಪಾಸ್‌ವರ್ಡ್ ಬೇಕು. ಈಗಿಂದೀಗ.

ಮಹಾನಂದಾಳ ಫೋನು ರಿಂಗಾಯಿತು. ಅವಳು ಹಿಟ್ಟಿನ ಕೈಯಲ್ಲೇ ಅದನ್ನೆತ್ತಿ ಗಂಡನ ಮುಂದೆ ಹಿಡಿದಳು.

ಮಹಾನಂದಾ: ತಗೋರಿ. ಇದು ಅಸಲು.

ಅತ್ತ ಅಳ್ನಾವರದ ಹೆಣ್ಣುಮಗಳೊಬ್ಬಳು ಉಸಿರು ಬಿಡದೆ ಕೇಳುತ್ತಿದ್ದಳು. ರೊಟ್ಟಿಗೆ ಎಳ್ಳು ಎರಡೂ ಬದಿಗೆ ಹಚ್ಚುತ್ತೀರೋ ಒಂದೇ ಬದಿಗೋ, ಹಲ್ಲಿಲ್ಲದ ಅತ್ತೆಗೆ ಮೆತ್ತನೆಯದು ಬೇರೆ ಮಾಡಿಕೊಡುತ್ತೀರಾ, ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆಯೋ ಇಲ್ಲವೋ.

ಪ್ರಭು: ಹಾಂ... ಎಳ್ಳು... ಇರ್ತೈತ್ರಿ. ಬಳ್ಳೊಳ್ಳಿ... ನಾ ಪ್ರಭು ಮಾತಾಡೂದ್ರಿ... ಯಾವ ಪ್ರಭು ಅಂದ್ರ... ತಡೀರಿ, ಕೊಡ್ತೀನಿ.

ಫೋನು ಹೆಂಡತಿಯ ಕೈಗೆ ಮರಳಿತು. ಅವಳು ಭುಜಕ್ಕೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ರೊಟ್ಟಿ ಮಗುಚುತ್ತ, ಎಲ್ಲದಕ್ಕೂ ಉತ್ತರ ಹೇಳಿ, ಮೆತ್ತನೆಯ ರೊಟ್ಟಿಯನ್ನೂ ಒಪ್ಪಿಕೊಂಡು, ಅತ್ತೆಯ ಆರೋಗ್ಯ ವಿಚಾರಿಸಿ ಇಟ್ಟಳು. ಪ್ರಭು ಬೆವರು ಒರೆಸಿಕೊಂಡ.

ಪ್ರಭು: ನಾ ನಕಲಿನ್ಯಾಗ ಇರ್ತೀನಿ ತಗೋ. ಅಲ್ಲಿ ಯಾರೂ ಏನೂ ಕೇಳಂಗಿಲ್ಲ.

ಗುರವ್ವ: ಲಗ್ನ ಆದಾಗಿಂದ ನೀ ಅಲ್ಲೇ ಅದಿಯಲ್ಲಪಾ.

ಪ್ರಭು: ಆತು. ಒಂದು ಕಪ್ ಚಾ ಆದ್ರೂ ಸಿಗ್ತೈತೇನು?

ಮಹಾನಂದಾ: ಆರ್ಡರ್ ಹಾಕ್ರಿ.

ಅಭ್ಯಾಸಬಲದಿಂದ ಪ್ರಭು ಫೋನ್ ತೆಗೆದ. ಹೂವು ಉದುರುತ್ತಿತ್ತು. ಮೀಸೆಯ ಮೇಲೂ ಕೆಳಗೂ ಬೆರಳಾಡಿಸಿದ.

ಪ್ರಭು: ಬಟನ್ ಇಲ್ಲಲ್ಲ.

ಗುರವ್ವ: ಹಂಗಾದ್ರ ಒಳಗ ಹೋಗಿ ನೀನ ಮಾಡಕೋ. ನಮಗೂ ಒಂದೊಂದು ಕಪ್ ಇಡು. ಅರಿವಿ ಹಿಡದು ಬೋಗಾಣಿ ಇಳಸಪಾ, ಆ ಒಲಿ ಅಸಲು ಐತಿ.