ಮೊಮ್ಮಗಳಿಗೊಂದು ಅಗ್ಗದ ಕತ್ತಿ

ನಮ್ಮ ಮನೆಗೆ ತುಟ್ಟಿಯ ಸಾಮಾನು ಸದ್ದಿಲ್ಲದೆ ಬಂದು ಮೂಲೆ ಸೇರುತ್ತದೆ. ಅಗ್ಗದ್ದನ್ನು ಹುಡುಕಲು ಹೊರಟಾಗಲೇ ಏನಾದರೊಂದು ನಡೆಯುತ್ತದೆ. ಫ್ರಿಜ್ ಬಂದ ದಿನ ಯಾರೂ ನಗಲಿಲ್ಲ. ಲಟ್ಟಣಿಗೆ ಕೊಂಡ ದಿನ ಓಣಿಯೆಲ್ಲ ನಕ್ಕಿತು. ಧಾರವಾಡದಲ್ಲಿ ಬಿ.ಎ. ಮುಗಿಸಿ ಇಳಕಲ್ಲಿನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇಂಥದ್ದನ್ನೆಲ್ಲ ತಪ್ಪದೆ ಬರೆದಿಡುತ್ತ ಬಂದಿದ್ದೇನೆ. ಈ ಸಲದ್ದು ಕತ್ತಿಯ ವಿಷಯ.

ನನ್ನ ಮೊಮ್ಮಗಳು ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ಸಂಜೆ ಹೊತ್ತು ಜಪಾನಿ ಕತ್ತಿವರಸೆ ಕಲಿಯುತ್ತಾಳೆ. ಕತ್ತಿ ಕಬ್ಬಿಣದ್ದಲ್ಲ, ಕಟ್ಟಿಗೆಯದು. ಹಿಂದಿನ ಪರೀಕ್ಷೆಯಲ್ಲಿ ಅವಳು ಎರವಲು ತಂದಿದ್ದ ಕತ್ತಿ ಸೀಳಿದ್ದು ಕಂಡು ಗುರುಗಳು ಅವಳನ್ನು ಗೋಡೆ ಪಕ್ಕ ಕೂರಿಸಿಬಿಟ್ಟರು. "ಸೀಳಿದ ಕಟ್ಟಿಗಿ ಮುರದು ಎದುರಿನವರ ಕಣ್ಣಿಗೆ ಬಡದ್ರ ಯಾರು ಹೊಣಿ? ಮುಂದಿನ ಸಲ ಗಟ್ಟಿ ಕತ್ತಿ ಇಲ್ಲದ ಪರೀಕ್ಷಾಕ್ಕ ಬರಬ್ಯಾಡ" ಅಂದರಂತೆ.

ಹುಡುಗಿ ಊರಿಗೆ ಬಂದವಳು ರೊಟ್ಟಿ ಮುಟ್ಟಲಿಲ್ಲ. ನಾನೇ ಅಂದೆ: "ಕತ್ತಿ ನಾ ತರ್ತೇನಿ. ಮೊದಲ ನೀ ಉಣ್ಣು."

"ತುಟ್ಟೀದು ಬ್ಯಾಡ ಆಯಿ. ಗಂಟು ಇರಬಾರದು, ಎಳಿ ಉದ್ದಕ ಇರಬೇಕು, ಹೊಡದ್ರ ಮುರೀಬಾರದು. ಅಷ್ಟ."

ಅಷ್ಟೇ ಅಂತ ನಾನೂ ತಿಳಿದಿದ್ದೆ.

ಅಂಗಡಿಯವರ ಚಹಾ

ಮೊದಲು ಬಾಗಲಕೋಟೆಯ ಆಟದ ಸಾಮಾನಿನ ಅಂಗಡಿಗೆ ಹೋದೆ. ಬ್ಯಾಟು ಒರೆಸುತ್ತಿದ್ದ ಮಾಲೀಕರಿಗೆ ನೇರವಾಗಿ ಹೇಳಿದೆ: "ಒಂದು ಕತ್ತಿ ಬೇಕಾಗಿತ್ರಿ. ಕಟ್ಟಿಗೀದು. ಜೋರಾಗಿ ಹೊಡದ್ರೂ ಮುರೀಬಾರದು. ಭಾಳ ತುಟ್ಟಿ ಇರಬಾರದು."

ಅವರು ಬ್ಯಾಟು ಕೆಳಗಿಟ್ಟರು. ನನ್ನ ಬಿಳಿಗೂದಲು ನೋಡಿದರು. ಕುರ್ಚಿ ಹಾಕಿ, ಚಹಾ ತರಿಸಿ, ಮೆಲ್ಲಗೆ ಕೇಳಿದರು: "ಅವ್ವಾರ, ಹೊಲದ ಜಗಳಾ ಏನ್ರಿ?"

"ಜಗಳಾ ಎಲ್ಲೀದ್ರಿ? ಮೊಮ್ಮಗಳು ಹೊಡಿಯಾಕಿ."

"ಅಯ್ಯ! ಹೆಣ್ಣ ಹುಡಗೀನ ಯಾಕ ಮುಂದ ಬಿಡ್ತೀರಿ? ಅಣ್ಣತಮ್ಮರು ಅಂದ ಮ್ಯಾಲೆ ಮಾತು ಬರ್ತಾವ, ಹೋಗ್ತಾವ. ನಮ್ಮ ಅಳಿಯ ಇಲ್ಲೇ ವಕೀಲ ಅದಾನ. ಕುಂತು ಬಗಿಹರಿಸಿಕೊಳ್ರಿ."

ನಾನು ಎಷ್ಟು ಬಿಡಿಸಿ ಹೇಳಿದರೂ ಅವರು ತಲೆಯಾಡಿಸುತ್ತಲೇ ಅಳಿಯನ ನಂಬರು ಬರೆದು ಕೈಗಿಟ್ಟರು. ಚಹಾ ಮಾತ್ರ ಚಲೋ ಇತ್ತು. ಮೆಟ್ಟಿಲಿಳಿಯುತ್ತ ನಾನೂ ಅಂದೆ: "ತುಟ್ಟೀದು ಬ್ಯಾಡ ಅಂದೆ ಅಲ್ರೀ. ವಕೀಲರಿಗಿಂತ ತುಟ್ಟೀ ಕತ್ತಿ ಎಲ್ಲೈತಿ?"

ಸಾಬರ ಕಣ್ಣು

ಊರಿಗೆ ಮರಳಿದ ಮೇಲೆ ನಮ್ಮ ಓಣಿಯ ಸಾಬರು ನೆನಪಾದರು. ಅವರು ಮಗ್ಗದ ಸಾಮಾನು ಮಾಡುವ ಬಡಿಗರು. ಕೂದಲೆಳೆಯಷ್ಟೂ ಸೊಟ್ಟ ಇರದ ಹಲಗೆ, ಪಟ್ಟಿ, ಕೋಲು ಬೇಕು ಅಂತ ಊರಿನ ನೇಕಾರರೆಲ್ಲ ಅವರ ಅಂಗಡಿಗೇ ಬರುತ್ತಾರೆ. ಮೊಮ್ಮಗಳು ದಿನಪತ್ರಿಕೆ ಹಾಳೆಗಳನ್ನು ಅಂಟಿಸಿ, ಕತ್ತಿಯ ಅಳತೆಗೆ ಸರಿಯಾಗಿ ಕತ್ತರಿಸಿ ಕೊಟ್ಟು ಹೋಗಿದ್ದಳು. ಜಪಾನಿ ಕತ್ತಿ ತುಸು ಬಾಗಿರುತ್ತದೆ, ಹಾಳೆಯೂ ಬಾಗಿತ್ತು. ಸಾಬರು ಹಾಳೆ ಇಸಿದುಕೊಂಡರು. ಜಾಲಿ ಕಟ್ಟಿಗೆಯಲ್ಲಿ ಮಾಡಿದರೆ ಗಟ್ಟಿ, ಅಗ್ಗವೂ ಹೌದು ಅಂದರು. ನನ್ನ ಮನಸ್ಸು ಹಗುರಾಯಿತು.

ನಾಲ್ಕು ದಿನ ಬಿಟ್ಟು ಹೋದರೆ, ಕನ್ನಡಿಯಂತೆ ನುಣುಪಾದ ಕತ್ತಿ ತಯಾರು. ಒಂದು ಗಂಟಿಲ್ಲ. ಒಂದು ಸೀಳಿಲ್ಲ. ಬಾಗೂ ಇಲ್ಲ. ದಾರ ಹಿಡಿದು ಗೆರೆ ಎಳೆದಷ್ಟು ನೆಟ್ಟಗೆ ನಿಂತಿತ್ತು.

"ಸಾಬ್ರ, ಇದರ ಬಾಗು ಎಲ್ಲಿ ಹೋತು?"

"ನಿಮ್ಮ ಹಾಳಿ ಚೀಲದಾಗ ಸೊಟ್ಟ ಆಗಿತ್ರಿ ಅಕ್ಕಾರ" ಅಂದರು ಸಾಬರು ಅಭಿಮಾನದಿಂದ. "ಇಸ್ತ್ರಿ ಮಾಡಿಸಿ, ಮಡಚಿ, ನೆಟ್ಟಗ ಮಾಡಿಕೊಂಡು ಆಮ್ಯಾಲೆ ಕೊಯ್ದೇನಿ."

ವಿಡಿಯೋ ಕರೆಯಲ್ಲಿ ಮೊಮ್ಮಗಳಿಗೆ ತೋರಿಸಿದೆ. ಅವಳ ಮುಖ ಇಳಿಯಿತು. "ಆಯಿ, ಇದನ್ನ ಒಯ್ದರ ಮತ್ತ ಗ್ವಾಡಿ ಪಕ್ಕಕ್ಕ ಕೂಡ್ರಸ್ತಾರ."

ನಾನು ಸಾಬರಿಗೆ ಕೇಳಿದೆ: "ನಿಮ್ಮ ಮನಿ ಕುಡಗೋಲನೂ ನೆಟ್ಟಗ ಮಾಡಿಟ್ಟೀರೇನು?"

ಸಾಬರು ಹಾಳೆಯನ್ನು ಮತ್ತೊಮ್ಮೆ ಬಿಡಿಸಿ ನೋಡಿದರು, ನಿಟ್ಟುಸಿರು ಬಿಟ್ಟರು. ಎರಡನೆಯ ಕತ್ತಿ ಪರೀಕ್ಷೆಯ ಹಿಂದಿನ ದಿನ ಬಂತು, ಹೇಳಿದಷ್ಟೇ ಬಾಗಿತ್ತು. ಸಾಬರು ಅತ್ತಿತ್ತ ನೋಡಿ, ಅದನ್ನು ಅಂಗಡಿಯ ಹಿಂದಿನ ಬಾಗಿಲಿನಿಂದ ಕೊಟ್ಟರು: "ನಾ ಮಾಡೇನಿ ಅಂತ ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಇಂಥಾ ಸೊಟ್ಟ ಕಟ್ಟಿಗಿ ನೋಡಿದ್ರ ನೇಕಾರರು ನನ್ನ ಕಡೆ ಬರೂದ ಬಿಡ್ತಾರ!"

ಬಸ್ಸಿನಲ್ಲಿ ದೇವರು

ಮರುದಿನ ಬೆಳಿಗ್ಗೆ ಕತ್ತಿಗೆ ಹಳೆಯ ಇಳಕಲ್ ಸೀರೆಯ ಸೆರಗು ಸುತ್ತಿ, ದಾರ ಕಟ್ಟಿ, ಬಾಗಲಕೋಟೆ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. ಅಡ್ಡ ಹಿಡಿದರೆ ಮಂದಿಗೆ ಚುಚ್ಚುತ್ತದೆ ಅಂತ ಎದೆಗೆ ಒತ್ತಿ, ನೆಟ್ಟಗೆ ಹಿಡಿದು ನಿಂತಿದ್ದೆ. ಹುನಗುಂದ ದಾಟಿದ ಮೇಲೆ ಕಿಟಕಿ ಪಕ್ಕದ ಹೆಣ್ಣುಮಗಳೊಬ್ಬಳು ಥಟ್ಟನೆ ಎದ್ದು ಕೈ ಮುಗಿದಳು.

"ನಾವು ಬೀರಪ್ಪನ ಒಕ್ಕಲರಿ. ಸೀರಿ ಉಡಿಸಿದ ದೇವರ ಕೋಲು ನೋಡಿದ ಕೂಡಲೇ ಗುರುತ ಹಿಡಿತೇವಿ. ದೇವರು ನಿಂತು ಬರಬಾರದು. ಬರ್ರಿ."

ಪುಣ್ಯಾತ್ಗಿತ್ತಿ ಅಂದುಕೊಂಡು ನಾನು ಕೂರಲು ಹೋದೆ.

"ನೀವಲ್ರಿ! ದೇವರನ್ನ ಕುಂದರಸ್ರಿ."

"ಎವ್ವಾ, ಇದು ದೇವರಲ್ಲ, ಬರೇ ಕಟ್ಟಿಗಿ."

"ಕಟ್ಟಿಗಿಯೊಳಗ ದೇವರಿಲ್ಲೇನ್ರಿ?"

ನನ್ನ ಬಿ.ಎ.ಯನ್ನು ಬದಿಗಿಟ್ಟು ಸೀಟು ಬಿಟ್ಟುಕೊಟ್ಟೆ. ಕತ್ತಿ ಕುಳಿತಿತು. ನಾನೂ ಆಕೆಯೂ ಅಕ್ಕಪಕ್ಕ ನಿಂತೆವು. ಹಿಂದಿನ ಸೀಟಿನವರು ಚಪ್ಪಲಿ ಕಳಚಿದರು. ಆಕೆ ಚೀಲದಿಂದ ಚಿಟಿಕೆ ಭಂಡಾರದ ಅರಿಶಿನ ತೆಗೆದು ಕತ್ತಿಯ ಸೆರಗಿಗೆ ಹಚ್ಚಿ, ನನ್ನ ಹಣೆಗೂ ಹಚ್ಚಿದಳು. ಕಮತಗಿ ಹತ್ತಿರ ಕಂಡಕ್ಟರು ನುಗ್ಗುತ್ತ ಬಂದ, ಸೀಟಿಗೆ ಕೈ ಮುಗಿದ, ನನ್ನ ಕಡೆ ತಿರುಗಿದ.

"ದೇವರಿಗೆ ಟಿಕೇಟು ಬ್ಯಾಡ್ರಿ ಅವ್ವಾರ. ನೀವು ಫ್ರೀ ಟಿಕೇಟಿಗೆ ಆಧಾರ್ ಕಾರ್ಡ್ ತೋರಸ್ರಿ."

ಪರೀಕ್ಷೆ

ಗುರುಗಳು ಬಾದಾಮಿ ಕಡೆಯವರು. ಎಣಿಸುವುದು ಜಪಾನಿಯಲ್ಲಿ, ಬೈಯುವುದು ನಮ್ಮ ಭಾಷೆಯಲ್ಲಿ. ಮೊಮ್ಮಗಳು ಎರಡೂ ಕೈಯಿಂದ ಕತ್ತಿ ಒಪ್ಪಿಸಿ ನಿಂತಳು. ಅವರು ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದರು, ಬೆರಳಿನಿಂದ ತಟ್ಟಿ ಸದ್ದು ಕೇಳಿದರು, ಗಾಳಿಯಲ್ಲಿ ಒಮ್ಮೆ ಬೀಸಿದರು.

"ಚಲೋ ಐತಿ. ನಡಿ."

ಅರ್ಧ ಪರೀಕ್ಷೆ ಅಲ್ಲಿಗೇ ಗೆದ್ದಂತಾಯಿತು ಅಂತ ನಾನು ಬೆಂಚಿಗೆ ಒರಗಿದೆ.

ಉಳಿದರ್ಧ ಗುರುಗಳ ಜೊತೆಗೇ ಜೋಡಿ ಆಟ. ಶುರುವಿನಲ್ಲೇ ಎಚ್ಚರಿಸಿದರು: "ಕತ್ತಿ ನೆಲಾ ಮುಟ್ಟಿತಂದ್ರ ಫೇಲ್." ಇಬ್ಬರೂ ಟಕ್ ಟಕ್ ಅಂತ ಹೊಡೆದಾಡಿದರು. ಜಾಲಿ ಕಟ್ಟಿಗೆ ಜಗ್ಗಲಿಲ್ಲ. ಅಷ್ಟರಲ್ಲಿ ಮೊಮ್ಮಗಳ ಕತ್ತಿಯ ತುದಿ ಗುರುಗಳ ಭುಜಕ್ಕೆ ತಾಗಿತು.

ಕಾಲೋ ಕೋಲೋ ಹಿರಿಯರಿಗೆ ತಾಗಿದರೆ, ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳದೆ ನಮ್ಮ ಮನೆಯ ಮಕ್ಕಳು ಮುಂದೆ ಹೆಜ್ಜೆ ಇಡುವುದಿಲ್ಲ. ಕಲಿಸಿದವಳು ನಾನೇ. ಹುಡುಗಿ ಯೋಚಿಸಲೂ ಇಲ್ಲ. ಕತ್ತಿಯನ್ನು ಬಗಲಲ್ಲಿ ಸಿಕ್ಕಿಸಿದವಳೇ ಗಕ್ಕನೆ ಬಗ್ಗಿ ಗುರುಗಳ ಪಾದ ಮುಟ್ಟಿದಳು. ಅದೇ ಹೊತ್ತಿಗೆ ಗುರುಗಳು ಮರುಹೊಡೆತ ಬೀಸಿದ್ದರು. ಹುಡುಗಿ ಇದ್ದ ಜಾಗದಲ್ಲಿ ಬರೀ ಗಾಳಿ! ಬೀಸಿದ ರಭಸಕ್ಕೆ ತಾವೇ ಒಂದು ಸುತ್ತು ತಿರುಗಿ, ಚಾಪೆಯ ಮೇಲೆ ದೊಪ್ಪನೆ ಕುಳಿತುಬಿಟ್ಟರು.

ಮುಗಿಯಿತು ಅಂತ ನಾನು ಕಣ್ಣು ಮುಚ್ಚಿಕೊಂಡೆ.

"ಏ ಹುಡುಗಿ" ಗುರುಗಳ ದನಿ ಕೇಳಿಸಿತು, "ಜಪಾನದಾಗ ಈ ಪಟ್ಟು ಇಲ್ಲ. ಯಾರು ಕಲಿಸ್ಯಾರ?"

"ನಮ್ಮ ಆಯಿ, ಸರ್."

ಎಲ್ಲರೂ ನನ್ನ ಕಡೆ ತಿರುಗಿದರು. ಗುರುಗಳು ಅವಳ ಬಗಲಿನಲ್ಲಿದ್ದ ಕತ್ತಿ ನೋಡಿದರು, ನೆಲ ನೋಡಿದರು. "ನೆಲಾ ಮುಟ್ಟಿಲ್ಲ. ಪಾಸ್" ಅಂದರು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು, ಮುಂದಿನ ಸರದಿಗೆ ಬಂದ ದಢೂತಿ ಪೊಲೀಸಪ್ಪನನ್ನು ದೂರದಲ್ಲೇ ತಡೆದರು:

"ತಮ್ಮಾ, ನೀ ಮೊದಲ ನಮಸ್ಕಾರ ಮಾಡಿ ಮುಗಸಿಬಿಡು. ಹೊಡದಾಡೂದು ಆಮ್ಯಾಲೆ."