ನಿಂತಲ್ಲೇ ಓಡುವ ಮೋಟಾರು

ಓಡುವ ಮೋಟಾರಿನ ಬಗ್ಗೆ ನನಗೆ ಎಂದೂ ತಕರಾರಿಲ್ಲ. ಓಡದ ಮೋಟಾರಿನ ಬಗ್ಗೆಯೂ ಇಲ್ಲ; ನಾಲ್ಕು ಜನ ಕೂಡಿ ನೂಕಿ, ನೂಕಿದವರಿಗೆ ಚಹಾ ಕುಡಿಸಿದರೆ ಅದರ ಮರ್ಯಾದೆಯೂ ನಮ್ಮ ಮರ್ಯಾದೆಯೂ ಉಳಿಯುತ್ತದೆ. ಆದರೆ ನಿಂತ ಮೋಟಾರು ನಿಂತಲ್ಲೇ ಓಡತೊಡಗಿದರೆ ಏನು ಮಾಡಬೇಕು? ನಾನು ವಕೀಲ. ನನ್ನ ಕಪಾಟಿನ ಕಾಯ್ದೆ ಪುಸ್ತಕಗಳಲ್ಲಿ ಎಲ್ಲದಕ್ಕೂ ಒಂದು ಕಲಮು ಇದೆ. ಇದಕ್ಕೆ ಮಾತ್ರ ಇರಲಿಲ್ಲ. ಮೊದಲೇ ಒಂದು ಸಂಗತಿ ಒಪ್ಪಿಕೊಂಡುಬಿಡುತ್ತೇನೆ. ಮಾತಾಡುವುದು ನನ್ನ ಹೊಟ್ಟೆಪಾಡು, ಸುಮ್ಮನಿರುವುದು ನನಗೆ ಬಾರದ ವಿದ್ಯೆ. ಸಾಕ್ಷಿದಾರ ಬಾಯಿ ತೆರೆಯುವ ಮೊದಲೇ ಅವನ ಉತ್ತರವನ್ನೂ ನಾನೇ ಹೇಳಿಬಿಡುತ್ತೇನೆಂದು ಹಾನಗಲ್ಲಿನ ಕಚೇರಿಯಲ್ಲಿ ನನಗೊಂದು ಹೆಸರಿತ್ತು. ಇದಕ್ಕೂ ಮೋಟಾರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆಗ ನಾನೂ ಹಾಗೇ ಕೇಳುತ್ತಿದ್ದೆ.

ಮಹಾಯುದ್ಧ ಶುರುವಾಗಿ ಪೆಟ್ರೋಲಿಗೆ ರೇಷನ್ ಚೀಟಿ ಬರುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಹೊಸ ಗಾಡಿ ತಂದರು, ಅವರ ಹಳೆಯ ಗಾಡಿ ನನ್ನ ಪಾಲಿಗೆ ಬಂತು. ಬಟ್ಟೆಯ ಮಾಡು, ಎರಡೂ ಬದಿಗೆ ಕಾಲಿಡುವ ಹಲಗೆ, ರಬ್ಬರಿನ ಚೆಂಡು ಹಿಸುಕಿದರೆ ಎಮ್ಮೆಯ ಹಾಗೆ ಕೂಗುವ ಹಾರ್ನು. ನಾನು ಆ ಗಾಡಿಯನ್ನು ಬಹಳ ಪ್ರೀತಿಸಿದೆ. ಬೆಳಿಗ್ಗೆ ಎದ್ದವನು ದೇವರ ಕೋಣೆಗೆ ಹೋಗುವ ಮೊದಲು ಅಂಗಳಕ್ಕೆ ಹೋಗಿ ಅದನ್ನು ನೋಡಿ ಬರುತ್ತಿದ್ದೆ. ಹೆಂಡತಿ ಶಾಂತವ್ವ ಏನೂ ಅನ್ನುತ್ತಿರಲಿಲ್ಲ, ಅಥವಾ ಅಂದದ್ದು ನನಗೆ ಕೇಳಿಸುತ್ತಿರಲಿಲ್ಲ.

ಅಂದವರೆಂದರೆ ನನ್ನ ಮಾವ, ಹಿರೇಕೆರೂರಿನ ಬಸನಗೌಡರು. ಎತ್ತುಗಳ ವಿಷಯದಲ್ಲಿ ಅವರ ಮಾತಿಗೆ ಸುತ್ತಲಿನ ಹಳ್ಳಿಗಳಲ್ಲಿ ಎದುರು ಮಾತಿರಲಿಲ್ಲ. ದಸರೆಗೆ ಒಂದು ವಾರ ಮೊದಲು ನಮ್ಮ ಮನೆಗೆ ಬಂದವರು ಮೋಟಾರಿನ ಸುತ್ತ ಮೂರು ಸಲ ತಿರುಗಿದರು, ಎತ್ತಿನ ಬೆನ್ನು ತಟ್ಟುವ ಹಾಗೆ ಮಡ್‌ಗಾರ್ಡು ತಟ್ಟಿದರು, ಬಗ್ಗಿ ಗಾಲಿಗಳ ನಡುವೆ ನೋಡಿದರು. ಗಾಡಿ ಎಷ್ಟು ಜೋರಾಗಿ ಓಡುತ್ತದೆಂದು ನಾನು ಅರ್ಧ ತಾಸು ವರ್ಣಿಸಿದೆ. ಅವರು ಪೂರ್ತಿ ಕೇಳಿ ಹೇಳಿದರು: "ಓಡೂದು ದೊಡ್ಡ ಮಾತಲ್ಲರಿ ಅಳಿಯಂದ್ರ. ಬೆದರಿದ ಎತ್ತೂ ಓಡತೈತಿ. ನಿಂದ್ರು ಅಂದಲ್ಲಿ ಸಮಾಧಾನಲೆ ನಿಂದ್ರತೈತೇನು, ಅದನ್ನ ನೋಡಬೇಕು. ದೀಪಾವಳಿಗೆ ಬರ್ರಿ. ನಮ್ಮ ಬಾಗಲ ಮುಂದ ಮರ್ಯಾದಿಲೆ ನಿಂತರ ಇಟಗೋರಿ. ಇಲ್ಲಂದ್ರ ಇದನ್ನ ಮಾರಿ, ನನ್ನ ಜೋಡಿ ಎತ್ತು ಹೊಡಕೊಂಡು ಹೋಗ್ರಿ." ನಾನು ಆ ಹುಮ್ಮಸ್ಸಿನಲ್ಲಿ, ಶಾಂತವ್ವನ ಎದುರಿಗೇ, ಆಗಲೆಂದು ಮಾತು ಕೊಟ್ಟುಬಿಟ್ಟೆ. ಆಗ ಗಾಡಿ ನಿಲ್ಲುತ್ತಿತ್ತು.

ದಸರೆ ಬಂತು. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ದಿನ ಮೋಟಾರಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದೆವು. ಮರುದಿನ ಸಂಜೆ ಊರೆಲ್ಲ ಬನ್ನಿ ಕೊಡುವ ಹಬ್ಬ. ಬನ್ನಿ ಎಲೆಗೆ ನಮ್ಮಲ್ಲಿ ಬಂಗಾರವೆನ್ನುತ್ತಾರೆ. ಕಿರಿಯರು ಕೊಟ್ಟು ಕಾಲಿಗೆ ನಮಸ್ಕರಿಸಬೇಕು, ಹಿರಿಯರು ಕಣ್ಣಿಗೊತ್ತಿಕೊಂಡು, "ಬಂಗಾರದಂಗ ಇರ್ರಿ" ಎಂದು ಹರಸಬೇಕು. ಅಂದು ನಾನು ಮಾಮಲೇದಾರರಿಗೆ ಕೊಟ್ಟೆ, ಎದುರು ಪಕ್ಷದ ವಕೀಲರಿಗೆ ಕೊಟ್ಟೆ, ನನ್ನಿಂದಲೇ ದಾವೆ ಸೋತ ಇಬ್ಬರು ಕಕ್ಷಿದಾರರಿಗೂ ಕೊಟ್ಟೆ. ಮನೆಗೆ ಬಂದಾಗ ಕೈಯಲ್ಲಿ ಇನ್ನೂ ಒಂದು ಟೊಂಗೆ ಉಳಿದಿತ್ತು. ಮೋಟಾರು ಅಂಗಳದಲ್ಲಿ ಒಂಟಿಯಾಗಿ ನಿಂತಿತ್ತು. ಅದಕ್ಕೆ ಯಾರೂ ಬನ್ನಿ ಕೊಟ್ಟಿರಲಿಲ್ಲ. ಮೇಲೆ ಇಟ್ಟರೆ ಗಾಳಿಗೆ ಹಾರೀತೆಂದು ಬಾನೆಟ್ಟು ಎತ್ತಿ, ಇಂಜಿನ್ನಿನ ಬದಿಗೆ ಬನ್ನಿಗೆಂದೇ ಮಾಡಿದಂತಿದ್ದ ಒಂದು ಸಂದು ಹುಡುಕಿ, ಬೀಳದ ಹಾಗೆ ಗಟ್ಟಿಯಾಗಿ ತುರುಕಿ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಬನ್ನಿ ತೆಗೆದುಕೊಂಡು ಮಾವನವರ ಊರಿಗೆ ಹೊರಡಬೇಕಾಗಿತ್ತು. ಅದು ಪ್ರತಿವರ್ಷದ ಪದ್ಧತಿ. ಮುಂದೆ ನಿಂತು ಹ್ಯಾಂಡಲ್ ತಿರುವಿದೆ. ಇಂಜಿನ್ನು ಹೊತ್ತಿತು, ಹೊತ್ತಿದ್ದು ಕೂಗಿತು, ಕೂಗಿದ್ದು ಇಳಿಯಲೇ ಇಲ್ಲ. ಮೋಟಾರಿನವರು ಇದಕ್ಕೆ ರೇಸ್ ಆಗುವುದು ಎನ್ನುತ್ತಾರೆ. ಕಾಲು ನೆಲದ ಮೇಲಿದೆ, ಗೇರು ಹಾಕಿಲ್ಲ, ಗಾಡಿ ಮಾತ್ರ ತಾನು ಪುಣೆಗೆ ಹೊರಟಿದ್ದೇನೆಂಬ ಹುರುಪಿನಲ್ಲಿ ಅರಚುತ್ತಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಶಾಂತವ್ವನ ಕೈ ತಿಳಿಯದೆಯೇ ಇಂಜಿನ್ನಿನ ತಾಳಕ್ಕೆ ಬಿದ್ದು, ಅಂದಿನ ರೊಟ್ಟಿಗಳು ಹಪ್ಪಳದಷ್ಟು ತೆಳ್ಳಗಾದವು. ಪಕ್ಕದ ಮನೆಯ ಎಮ್ಮೆ ಹಾಲು ಕೊಡುವುದನ್ನು ನಿಲ್ಲಿಸಿತು. ಹಿರೇಕೆರೂರಿಗೆ ಹೋಗುವುದು ಹಿಂದೆ ಬಿತ್ತು.

ಕಚೇರಿಗೆ ಹೋಗುವಾಗ ದಾರಿಯಲ್ಲಿ ಯಾರಾದರೂ ಕೈ ಮಾಡಿದರೆ ನಿಲ್ಲಿಸಲು ಧೈರ್ಯವಾಗದೆ, "ಓಡಿ ಬಂದು ಹತ್ರಿ" ಎಂದು ಕೂಗುತ್ತಿದ್ದೆ. ಒಬ್ಬ ಕಕ್ಷಿದಾರ ಕಾಲುಹಲಗೆಯ ಪಕ್ಕದಲ್ಲೇ ಓಡುತ್ತ ಓಡುತ್ತ ತನ್ನ ಬದುವಿನ ಜಗಳವನ್ನೆಲ್ಲ ನಿವೇದಿಸಿಕೊಂಡು, ಕಚೇರಿ ಬಂದಾಗ ಏದುಸಿರು ಬಿಡುತ್ತ ರಾಜಿಗೆ ಒಪ್ಪಿದ. ಇಂಜಿನ್ನಿನ ಸದ್ದನ್ನು ಮೀರಿ ಮಾತಾಡುವ ಅಭ್ಯಾಸವಾಗಿ ನನ್ನ ಧ್ವನಿಯೂ ಏರಿತು. ಊಟಕ್ಕೆ ಕುಳಿತು "ಉಪ್ಪು" ಎಂದರೆ ಓಣಿಯ ಎರಡು ಮನೆಯವರು ಉಪ್ಪು ತಂದುಕೊಡುವ ಪರಿಸ್ಥಿತಿ ಬಂತು.

ಉಪಾಯ ಹೇಳುವವರಿಗೆ ಬರವಿರಲಿಲ್ಲ. ಉಷ್ಣವಾಗಿದೆ ಎಂದರು ಪಕ್ಕದ ಮನೆಯ ಅಜ್ಜ. ಬಾನೆಟ್ಟಿನ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದೆ. ಗಾಡಿಗೆ ನೆಗಡಿಯೂ ಆಗಲಿಲ್ಲ. ಆಮೇಲೆ ಅಕ್ಕಿಆಲೂರಿನಿಂದ ಕರಬಸಪ್ಪನನ್ನು ಕರೆಸಿದೆ. ಅಲ್ಲಿಯ ಅಕ್ಕಿ ಗಿರಣಿಯ ಇಂಜಿನ್ನು ನಡೆಸುವವನು. ಸದ್ದು ಕೇಳಿಯೇ ರೋಗ ಹೇಳುತ್ತಾನೆಂದು ಪ್ರಸಿದ್ಧಿ. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿ, "ಇದಕ್ಕ ಭತ್ತ ಹಾಕಿದ್ರ ಬರೇ ನುಚ್ಚು ಬರತೈತ್ರಿ" ಎಂದ. ಬಾನೆಟ್ಟು ಎತ್ತಿದ, ಬನ್ನಿ ಕಂಡ ತಕ್ಷಣ ಚಪ್ಪಲಿ ಬಿಟ್ಟು ಅದಕ್ಕೆ ನಮಸ್ಕಾರ ಮಾಡಿದ, ಅದರ ಒಂದು ಎಲೆಗೂ ಕೈ ತಾಗದಂತೆ ಜೋಪಾನವಾಗಿ ರೇಸ್ ಇಳಿಸುವ ತಿರುಪನ್ನು ತಿರುಗಿಸಿದ. ಇಳಿಯಲಿಲ್ಲ. ಮತ್ತೆ ತಿರುಗಿಸಿದ. ಕೊನೆಗೆ ತಿರುಪು ಪೂರ್ತಿ ಕಳಚಿ ಅವನ ಕೈಗೇ ಬಂತು; ಇಂಜಿನ್ನು ಅದನ್ನು ಗಮನಿಸಲೂ ಇಲ್ಲ. "ಇದು ಇಲ್ಲದನ ಹಿಂಗ ಓಡತೈತಿ ಅಂದ ಮ್ಯಾಲ ಇದು ಬೇಕಾಗಿದ್ದಿಲ್ಲ ಅಂತ ಕಾಣತೈತ್ರಿ" ಎಂದು ಅದನ್ನು ನನ್ನ ಅಂಗೈಯಲ್ಲಿಟ್ಟು ಸಂತೆಗೆ ಹೊತ್ತಾಯಿತೆಂದು ಹೋದ.

ಅಷ್ಟರಲ್ಲಿ ಮಾವನವರ ಕಡೆಯಿಂದ ಹೇಳಿಕಳಿಸಿದ ಮಾತು ಬಂತು: "ಬನ್ನಿ ಬರಲಿಲ್ಲ. ಎತ್ತಿನ ಮೈ ತೊಳಸಾಕತ್ತೇನಿ." ನನಗೆ ನಿಜವಾಗಿಯೂ ಅಳು ಬರುವಂತಾಯಿತು. ಅಂಗಳದಲ್ಲಿ ಆ ಗಾಡಿಯ ಜಾಗದಲ್ಲಿ ಎರಡು ಎತ್ತು ಮೆಲುಕು ಹಾಕುತ್ತ ನನ್ನನ್ನು ನೋಡುವ ಚಿತ್ರ ಕಣ್ಣಿಗೆ ಕಟ್ಟಿತು. ಕೂಡಲೇ ಸವಣೂರಿಗೆ ಚೀಟಿ ಬರೆದು ದಸ್ತಗೀರ ಸಾಹೇಬರನ್ನು ಕರೆಸಿದೆ. ಸವಣೂರು ಶಿಗ್ಗಾಂವಿ ನಡುವೆ ಓಡುವ ಸರ್ವಿಸ್ ಮೋಟಾರುಗಳನ್ನು ರಿಪೇರಿ ಮಾಡುತ್ತಿದ್ದ ಹಿರಿಯ ಮಿಸ್ತ್ರಿ ಅವರು. ಬಿಳಿ ಗಡ್ಡ, ಕಡಿಮೆ ಮಾತು. ಬರುವಾಗ ನಮಗೆಂದು ಒಂದು ಪೊಟ್ಟಣ ಸವಣೂರಿನ ಕುರುಕಲು ಖಾರಾ, ಒಂದು ಕಟ್ಟು ವೀಳ್ಯದೆಲೆ ತಂದಿದ್ದರು.

ಬಾನೆಟ್ಟು ಎತ್ತಿದವರು ಒಂದೇ ಸಲ ನೋಡಿದರು. ಹಲ್ಲಿನಲ್ಲಿ ಸಿಕ್ಕ ಅಡಿಕೆಯನ್ನು ನಾಲಿಗೆಯಿಂದ ಸರಿಸಿ ನನ್ನತ್ತ ತಿರುಗಿದರು. "ವಕೀಲ್ ಸಾಹೇಬ್ರ, ಈ ಬನ್ನಿ ಸ್ವಲ್ಪ ಈ ಕಡೆ ತಗದಿಡಲೇನ್ರಿ?"

ನಾನು ಹೌಹಾರಿಬಿಟ್ಟೆ. ಬನ್ನಿಯೆಂದರೇನು, ಪಾಂಡವರು ತಮ್ಮ ಆಯುಧಗಳನ್ನು ಆ ಮರದಲ್ಲಿ ಬಚ್ಚಿಟ್ಟದ್ದು ಯಾಕೆ, ಒಮ್ಮೆ ಭಕ್ತಿಯಿಂದ ಇಟ್ಟದ್ದನ್ನು ದೀಪಾವಳಿಗೆ ಮೊದಲು ಕದಲಿಸಿದರೆ ಏನಾಗುತ್ತದೆ, ಎಲ್ಲವನ್ನೂ ಅವರಿಗೆ ವಿವರಿಸಿದೆ. ದೀಪಾವಳಿಯ ಗಡುವು ಯಾವ ಪುರಾಣದಲ್ಲಿಯೂ ಇಲ್ಲ. ಮಾತಿನ ಭರದಲ್ಲಿ ನಾನೇ ಸೇರಿಸಿದ್ದು. ದಸ್ತಗೀರ ಸಾಹೇಬರು ತಲೆ ತಗ್ಗಿಸಿ ಕೇಳಿದರು. "ಖರೇ ಐತ್ರಿ. ನಮ್ಮ ಅಪ್ಪಗೂ ಓಣ್ಯಾಗಿನವರು ವರ್ಷಾ ಬನ್ನಿ ತಂದು ಕೊಡತಿದ್ರು. ನಿಮ್ಮ ದೇವರ ವಸ್ತು, ನಾ ಮುಟ್ಟೂದುಲ್ಲ. ಆದ್ರ ರೇಸ್ ಯಾಕ ಆಗೈತಿ ಅಂದ್ರ..."

"ಅದನ್ನ ಹುಡುಕಾಕನ ನಿಮ್ಮನ್ನ ಕರಿಸೇನಿ" ಎಂದು ನಾನು ಮಾತನ್ನು ಅಲ್ಲಿಗೇ ತುಂಡರಿಸಿ, ರೋಗಕ್ಕೆ ನನಗೆ ತೋಚಿದ ಏಳೆಂಟು ಕಾರಣಗಳನ್ನು ಒಂದೊಂದಾಗಿ ಹೇಳಿದೆ. ಅವರು ಮತ್ತೆ ಎರಡು ಸಲ ಬಾಯಿ ತೆರೆದು, ನಾನು ಮುಗಿಸುವುದಿಲ್ಲವೆಂದು ಕಂಡು, ಕೆಲಸಕ್ಕೆ ಕೈ ಹಾಕಿದರು. ಕರಬಸಪ್ಪ ಕಳಚಿದ್ದ ತಿರುಪನ್ನು ಹಾಕಿದರು, ಪ್ಲಗ್ಗುಗಳನ್ನು ಉಜ್ಜಿದರು, ಎಣ್ಣೆ ಬಿಟ್ಟರು. ಕೈ ತೊಳೆದುಕೊಂಡು ಹೇಳಿದರು: "ನಾ ಮುಟ್ಟಿದ ಜಾಗಾ ಎಲ್ಲಾ ಸರಿ ಐತ್ರಿ ಸಾಹೇಬ್ರ. ತಿರುಪು ಎಲ್ಲಿರಬೇಕೋ ಅಲ್ಲೇ ಇಟ್ಟೇನಿ. ಉಳಿದದ್ದು ಮ್ಯಾಲಿನವನ ಕೈಯಾಗ ಐತಿ." ರೇಸ್ ಮಾತ್ರ ಇದ್ದಂತೆಯೇ ಇತ್ತು. ಹೆಸರಿಗಷ್ಟೇ ದೊಡ್ಡ ಮಿಸ್ತ್ರಿ ಎಂದು ಆ ವಾರವೆಲ್ಲ ಸಿಕ್ಕವರೊಡನೆ ಹೇಳುತ್ತ ತಿರುಗಿದೆ.

ದೀಪಾವಳಿ ಬಂದೇಬಿಟ್ಟಿತು. ಶಾಂತವ್ವ ಹೊಸ ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಯ ಸುತ್ತ ಬಿಗಿದು, ಎರಡೂ ಕೈಯಿಂದ ಸೀಟು ಹಿಡಿದು ಕುಳಿತಳು. ಅಕ್ಕಿಆಲೂರಿನ ಪೇಟೆಯಲ್ಲಿ ಭತ್ತದ ಚಕ್ಕಡಿಗಳು ದೂರದಿಂದಲೇ ನಮ್ಮ ಸದ್ದು ಕೇಳಿ ದಾರಿ ಬಿಟ್ಟವು. ಹಿರೇಕೆರೂರು ಮುಟ್ಟುವ ಹೊತ್ತಿಗೆ ಬೆಳಗಿನ ಹತ್ತು ಗಂಟೆ. ಮಾವನವರ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ಹೆಂಗಸರು ನಿಂತಿದ್ದರು. ಗೌಡರು ತಲೆಗೆ ಹೊಸ ಪಟಕಾ ಸುತ್ತಿಕೊಂಡು ನಿಂತಿದ್ದರು. ಅವರ ಪಕ್ಕದಲ್ಲಿ ಮೈ ತೊಳೆದ ಎತ್ತಿನ ಜೋಡಿ ನಿಂತಿತ್ತು. ನಾನೊಬ್ಬನೇ ನಿಲ್ಲಲಿಲ್ಲ. ಮೊದಲ ಸಲ ಗಾಡಿ ಬಾಗಿಲು ದಾಟಿ ಹೋಯಿತು, ಬಾವಿಯನ್ನು ಬಳಸಿಕೊಂಡು ಬಂದೆ. ಎರಡನೆಯ ಸಲವೂ ದಾಟಿತು. ಮೂರನೆಯ ಸುತ್ತಿನಲ್ಲಿ ಎರಡೂ ಕಾಲಿಗೆ ಸಿಕ್ಕಿದ್ದನ್ನೆಲ್ಲ ಒತ್ತಿದಾಗ ಗಾಡಿ ಮನೆಯೆದುರು ನಿಂತಿತು. ಗಾಲಿ ನಿಂತಿತು ಅಷ್ಟೆ. ಇಂಜಿನ್ನು ಅರಚುತ್ತಲೇ ಇತ್ತು, ಆರತಿಯ ದೀಪಗಳು ನಡುಗುತ್ತಿದ್ದವು, ಎತ್ತುಗಳು ಕಿವಿ ನಿಮಿರಿಸಿ ನನ್ನನ್ನು ನೋಡುತ್ತಿದ್ದವು.

ಗೌಡರು ಏನೋ ಹೇಳಿದರು, ಕೇಳಿಸಲಿಲ್ಲ. ನಾನು ಇಳಿದು ನನ್ನ ಪಕ್ಷವನ್ನು ಮಂಡಿಸತೊಡಗಿದೆ, ಇಂಜಿನ್ನನ್ನು ಮೀರಿ ಕೇಳಿಸಬೇಕಲ್ಲ, ಗಂಟಲು ಹರಿಯುವಂತೆ. ಅವರು ನನ್ನನ್ನು ಬದಿಗೆ ಸರಿಸಿ, ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವ ಹಾಗೆ ಬಾನೆಟ್ಟು ಎತ್ತಿದರು. ಒಳಗೆ ನೋಡಿ ಅವರ ಮುಖ ಕೆಂಪಾಯಿತು. ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಈ ಬನ್ನಿ ಯಾರಿಗೆ ಕೊಡಬೇಕಾಗಿತ್ರಿ ಅಳಿಯಂದ್ರ? ಮಾವಗೋ, ಇದಕ್ಕೋ?" ಉತ್ತರಕ್ಕೆ ಕಾಯದೆ, ತಮ್ಮ ಹಕ್ಕಿನದು ಎಂಬಂತೆ ಕೈ ಹಾಕಿ ಆ ಬನ್ನಿಯನ್ನು ಕಿತ್ತು ತೆಗೆದು ಕಣ್ಣಿಗೊತ್ತಿಕೊಂಡರು.

ಇಂಜಿನ್ನು ಒಮ್ಮೆಲೇ ಇಳಿಯಿತು. ತಣ್ಣಗೆ, ನಿದ್ದೆಯಲ್ಲಿರುವ ಬೆಕ್ಕಿನಂತೆ ಗುರುಗುರು ಎನ್ನತೊಡಗಿತು. ಆ ಶಾಂತಿಯಲ್ಲಿ ಓಣಿಗೆಲ್ಲ ಕೇಳಿಸಿದ್ದು ನನ್ನ ಧ್ವನಿಯೊಂದೇ: "ಎಲ್ಲಾ ತಪ್ಪು ಆ ಸವಣೂರ ಮಿಸ್ತ್ರೀದರಿ, ಅವಗ ಕಣ್ಣ ಕಾಣೂದುಲ್ಲ!"

ದಸ್ತಗೀರ ಸಾಹೇಬರು ಅಂದು ಅರ್ಧಕ್ಕೆ ನುಂಗಿದ್ದ ಮಾತಿನ ಉಳಿದರ್ಧ ಆಗ ನನಗೆ ಕೇಳಿಸಿತು. ರೇಸ್ ಇಳಿಸುವ ಕೀಲಿನ ಸಂದಿನಲ್ಲೇ ನಾನು ಟೊಂಗೆ ತುರುಕಿದ್ದೆ. ಅದು ಮುಚ್ಚಿಕೊಳ್ಳಲು ಹೋದಾಗಲೆಲ್ಲ ನನ್ನ ಭಕ್ತಿ ಅಡ್ಡ ನಿಂತಿತ್ತು. ನಾಚಿಕೆಯಿಂದ ನನ್ನ ತಲೆ ತಾನಾಗಿಯೇ ಬಾಗಿತು. ಬಾಗಿದ್ದನ್ನು ಗೌಡರು ನಮಸ್ಕಾರವೆಂದೇ ತಿಳಿದು, ಬನ್ನಿಯನ್ನು ಪಟಕಾದಲ್ಲಿ ಸಿಕ್ಕಿಸಿಕೊಂಡು, "ಬಂಗಾರದಂಗ ಇರ್ರಿ" ಎಂದು ಹರಸಿದರು. ಗಾಡಿಗೆ ಕಿವಿಗೊಟ್ಟು ಕೇಳಿದರು. "ನಿಂತೈತಿ. ಇಟಗೋರಿ" ಎಂದರು.

ಶಾಂತವ್ವ ಸೆರಗಿನ ಗಂಟು ಬಿಚ್ಚುತ್ತ, ಇಪ್ಪತ್ತು ದಿನಗಳಲ್ಲಿ ಮೊದಲ ಸಲ ಸಣ್ಣ ಧ್ವನಿಯಲ್ಲಿ ಮಾತಾಡಿದಳು. "ಅಪ್ಪಾ, ಗಾಡೀ ರೇಸ್ ಇಳಿಸಿದಿ. ಹಂಗ ಇವರದೂ ಒಂದೀಟು ಇಳಿಸು."

ಗೌಡರು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ ಯೋಚನೆ ಮಾಡಿದರು. "ಅದು ನನ್ನ ಕೈಲೆ ಆಗೂದುಲ್ಲ ಯವ್ವಾ" ಎಂದರು.

ಆ ಮಾತಿಗೆ ನನ್ನ ಹತ್ತಿರ ಸರಿಯಾದ ಉತ್ತರವಿತ್ತು. ಊಟಕ್ಕೆ ಎಲೆ ಹಾಕುವ ತನಕ ಹೇಳುತ್ತಲೇ ಇದ್ದೆ.