ಭೂಲ್ ಇಳಿದ ಮೇಲೆ

ನಮ್ಮ ಕಡೆ ಅರಿವಳಿಕೆಗೆ ಮರಾಠಿಯ ‘ಭೂಲ್’ ಎಂಬ ಹೆಸರೇ ಚಾಲ್ತಿ. ಊರೂರಿನ ದವಾಖಾನೆಗೆ ಹೋಗಿ ಅದನ್ನು ಕೊಡುವುದು ನನ್ನ ಕೆಲಸ. ಹಿಂದಿಯಲ್ಲಿ ಆ ಮಾತಿಗೆ ತಪ್ಪು ಎಂಬ ಅರ್ಥ. ಅದಕ್ಕೋ ಏನೋ, ಸಣ್ಣ ಆಪರೇಷನ್ ಆದ ಮೇಲೆ ಯಾರ ತಲೆ ಎಡವಟ್ಟಾದರೂ ದೂರು ನನ್ನ ಮೇಲೆ ಬರುತ್ತದೆ. ಬರುತ್ತಲೇ ಇರುತ್ತದೆ.

ಮರೆವು

ಕೊಲ್ಲಾಪುರದ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಭೂಲ್ ಕೊಟ್ಟು ಹೊಟ್ಟೆಗೆ ಕ್ಯಾಮೆರಾ ಇಳಿಸಿದ್ದೆವು. ಮುಂದಿನ ವಾರ ಅವರ ಹೆಂಡತಿ ಬಂದರು.

“ಇವರಿಗೆ ಮರವು ಹತ್ತೇತ್ರಿ. ಕಾಯಿಪಲ್ಲೆ ತರ್ರಿ ಅಂದ್ರ ಬರೇ ಕೈಲೆ ಬರ್ತಾರ.”

“ಮೊದಲು ತರ್ತಿದ್ರೇನು?”

“ಮೊದ್ಲೂ ತರ್ತಿರ್ಲಿಲ್ರಿ. ಆದ್ರ ಆವಾಗ ನೆನಪಿದ್ದೂ ತರ್ತಿರ್ಲಿಲ್ಲ.”

ಕಿವಿ

ಇಚಲಕರಂಜಿಯ ದವಾಖಾನೆಯ ಸುತ್ತ ಮಗ್ಗದ ಶೆಡ್ಡುಗಳು. ಮಗ್ಗದ ಕೆಲಸಗಾರನೊಬ್ಬನ ಜಾರಿದ ಮೊಣಕೈ ಕೂಡಿಸಲು ತುಸು ಭೂಲ್ ಕೊಟ್ಟೆ. ಅವನು ಮಲಗಿದ್ದಾಗ ಓಣಿಯ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಕಣ್ಣು ಬಿಟ್ಟವನೇ ಅಳಲು ಶುರು ಮಾಡಿದ.

“ಕಿವುಡ ಆದ್ನೆಲ್ರೀ! ಮಗ್ಗದ ಸಪ್ಪಳ ಕೇಳವಲ್ದು.”

“ನನ್ನ ಮಾತು ಕೇಳ್ತದಲ್ಲ?”

“ನಿಮ್ಮ ಮಾತ ತಗೊಂಡ ಏನ್ ಮಾಡ್ಲಿ?”

ಕರೆಂಟ್ ಬಂತು. ಸುತ್ತೆಲ್ಲ ಖಟಖಟ ಎದ್ದಿತು. ಅವನ ಮುಖ ಅರಳಿತು. ಈಗ ಮನೆಗೆ ಹೋಗಬಹುದು ಎಂದೆ.

“ಏನಂದ್ರಿ?” ಎಂದು ಕೂಗಿದ. “ಕೇಳವಲ್ದು!”

ಕೀಲಿಕೈ

ಗಡಹಿಂಗ್ಲಜದ ದವಾಖಾನೆಗೆ ನೂಲ ಎಂಬ ಹಳ್ಳಿಯಿಂದ ಒಬ್ಬ ಅಜ್ಜಿ ಬಂದಿದ್ದಳು. ಬೆನ್ನ ಮೇಲೊಂದು ಕೊಬ್ಬಿನ ಗಂಟು, ಸೊಂಟದಲ್ಲಿ ಮನೆಯ ಕೀಲಿಕೈ ಗೊಂಚಲು. ಒಳಗೆ ಹೋಗುವಾಗ ಗೊಂಚಲನ್ನು ಸೊಸೆಯ ಕೈಗೆ ಕೊಡಬೇಕಾಯಿತು. “ನಾ ಹೊರಗ ಬರೂತನಕಾ ಅಷ್ಟ,” ಎಂದು ಎಲ್ಲರೆದುರಿಗೆ ಹೇಳಿಯೇ ಕೊಟ್ಟಳು. ಸೊಸೆ ಅದನ್ನು ಕೂಡಲೇ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗಂಟು ತೆಗೆದು ಹೊರಗೆ ಮಲಗಿಸಿದೆವು. ಎಚ್ಚರವಾದ ಮೇಲೆ ಅಜ್ಜಿ ಕೇಳಿದ್ದು ಒಂದೇ ಮಾತು: “ಆತಾ?” ಮುಗಿಯಿತೇ ಎಂದು. ಸಿಸ್ಟರ್‌ಗೆ ಕನ್ನಡ ಬಾರದು. ಮರಾಠಿಯಲ್ಲಿ ‘ಆತಾ’ ಎಂದರೆ ಈಗ. ಮುದುಕಿ ಮನೆಗೆ ಹೊರಟಿದ್ದಾಳೆಂದು ತಿಳಿದು, “ಆತಾ ನಾಹೀ ಆಜೀ, ನಂತರ,” ಎಂದಳು, ಈಗಲ್ಲ, ಆಮೇಲೆ ಎಂದು.

ನಾನು ಬಂದಾಗ ಅಜ್ಜಿ ಹಾಸಿಗೆ ಬಿಟ್ಟು ಏಳಲು ಒಪ್ಪುತ್ತಿರಲಿಲ್ಲ.

“ಗಂಟ ಯಾವಾಗ ತೆಗೀತೀರಿ?”

“ತೆಗೆದಾಯ್ತು ಅಜ್ಜಿ.”

“ಸುಳ್ಳ ಹೇಳಬ್ಯಾಡ್ರಿ. ನಿಮ್ಮ ಸಿಸ್ಟರನ ಆತಾ ನಾಹೀ ಅಂದಾಳ.”

ಸೊಸೆ ನನ್ನ ಕಡೆ ಸರಿದಳು. “ಬುದ್ಧಿ ಹೋಗೇತ್ರಿ, ಪಾಪ. ಇನ್ನ ಕೀಲಿ ನನ್ನ ಕಡೆನ ಇರಲಿ ಅಲ್ರೀ? ನೀವ ಒಂದ್ ಮಾತ ಹೇಳಿಬಿಡ್ರಿ ಮನ್ಯಾಗ.”

ಬುದ್ಧಿ ಎಲ್ಲೂ ಹೋಗಿಲ್ಲ, ಇದು ಎರಡು ಭಾಷೆಯ ಗೊಂದಲ ಎಂದೆ. ಕನ್ನಡದ ಆತಾ ಬೇರೆ, ಮರಾಠಿಯ ಆತಾ ಬೇರೆ ಎಂದು ಬಿಡಿಸಿ ಹೇಳಿದೆ. ಸೊಸೆ ಕೇಳಿಸಿಕೊಳ್ಳಲಿಲ್ಲ. ಅಜ್ಜಿ ಗಮನವಿಟ್ಟು ಕೇಳಿದಳು. ಬೆನ್ನಿನ ಪಟ್ಟಿ ಮುಟ್ಟಿ ನೋಡಿಕೊಂಡಳು. ಎದ್ದು ಕೂತು ಸೊಸೆಯತ್ತ ಕೈ ಚಾಚಿದಳು.

“ಕೀಲಿ ಕೊಡ.”

“ಮನೀಗ್ ಹೋದ ಮ್ಯಾಲೆ ಕೊಡ್ತೇನ್ರಿ, ಅತ್ತಿ.”

ಅಜ್ಜಿ ಕೈ ಹಿಂದೆಗೆಯಲಿಲ್ಲ. ಅಪ್ಪಟ ಮರಾಠಿಯಲ್ಲಿ ಹೇಳಿದಳು:

“ಆತಾ!”